ಯೀಸ್ಟ್ ಇಲ್ಲದೆಯೂ ಉಬ್ಬುವ ಬನ್ನು

ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದಲ್ಲಿ ಕಾಫಿಯ ಜೊತೆ ಬರುವ ‘ಪಾಂವ್ ಜಿ ಕೇಜು’ ಎಂಬ ಪುಟ್ಟ ಚೀಸ್ ಬನ್ನಿಗೆ ಗೋಧಿಯೂ ಬೇಡ, ಯೀಸ್ಟೂ ಬೇಡ.

ಅದರ ಜೀವಾಳ ಮರಗೆಣಸಿನ ಪಿಷ್ಟ. ನಮ್ಮ ಸಬ್ಬಕ್ಕಿಗೂ ಅದೇ ಮೂಲ. ಗೋಧಿಯಲ್ಲಿರುವ ಅಂಟು, ಅಂದರೆ ಗ್ಲುಟೆನ್, ಇಲ್ಲದ ಈ ಪುಡಿಗೆ ಹಿಡಿತ ತಂದುಕೊಡುವುದು ಕುದಿಯುವ ಹಾಲು. ಹಾಲು, ಎಣ್ಣೆ, ಉಪ್ಪು ಉಕ್ಕಿ ಬರುತ್ತಿದ್ದಂತೆ ಪಿಷ್ಟದ ಮೇಲೆ ಸುರಿದು ಮರದ ಸೌಟಿನಿಂದ ತಿರುವಿದರೆ, ಬಿಳಿ ಪುಡಿ ನೋಡನೋಡುತ್ತಲೇ ಅಂಟಂಟು ಮುದ್ದೆಯಾಗುತ್ತದೆ. ಆರಿದ ಮೇಲೆ ಮೊಟ್ಟೆ, ತುರಿದ ಚೀಸ್. ಕೈಗೆ ಎಣ್ಣೆ ಸವರಿ ನಿಂಬೆ ಗಾತ್ರದ ಉಂಡೆ ಕಟ್ಟಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್‌ನಲ್ಲಿ 20–25 ನಿಮಿಷ ಇಟ್ಟರಾಯಿತು. ಒಳಗಿನ ನೀರು ಆವಿಯಾಗಿ ಹಿಗ್ಗುತ್ತದೆ, ಪಿಷ್ಟ ಆ ಆವಿಯನ್ನು ಹಿಡಿದಿಡುತ್ತದೆ, ಮೊಟ್ಟೆ ಆಕಾರ ಕಾಯುತ್ತದೆ. ಮೇಲೆ ಗರಿಗರಿ, ಒಳಗೆ ಜಗಿದಷ್ಟೂ ಎಳೆಯುವ ಮೆದು.

ಮಿನಾಸ್ ಜನರ ನಿಜವಾದ ಜಾಣ್ಮೆ ಇರುವುದು ಹುಳಿ ಪಿಷ್ಟದಲ್ಲಿ. ಪಿಷ್ಟವನ್ನು ನೀರಿನಡಿ ವಾರಗಟ್ಟಲೆ ಹುಳಿ ಬರಿಸಿ, ಬಯಲ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹುಳಿಯ ಲ್ಯಾಕ್ಟಿಕ್ ಆಮ್ಲ, ಸೂರ್ಯನ ಅತಿನೇರಳೆ ಕಿರಣ ಎರಡೂ ಸೇರಿದಾಗ ಅದಕ್ಕೆ ಚೆನ್ನಾಗಿ ಉಬ್ಬುವ ಗುಣ ಬರುತ್ತದೆ. ಯಂತ್ರದ ಬಿಸಿಗಾಳಿಗೆ ಒಣಗಿಸಿದರೆ ಅಷ್ಟು ಬರದು. ಎಂಥ ಸೂಕ್ಷ್ಮ!

ಸಪ್ಪೆ ಪಿಷ್ಟದಲ್ಲೂ ಬನ್ನು ಆಗುತ್ತದೆ, ಕೊಂಚ ಗಟ್ಟಿ ಅಷ್ಟೇ. ಗ್ಲುಟೆನ್ ಒಗ್ಗದ ಸಿಲಿಯಾಕ್ ಕಾಯಿಲೆ ಇರುವವರು ಮಾತ್ರ ಪೊಟ್ಟಣದ ಮೇಲೆ ಗ್ಲುಟೆನ್‌ರಹಿತ ಎಂಬ ಗುರುತು ನೋಡಿಯೇ ಪಿಷ್ಟ ಕೊಳ್ಳಬೇಕು. ಹಸಿ ಉಂಡೆಗಳನ್ನು ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ನೇರವಾಗಿ ಓವನ್‌ಗೆ ಹಾಕಬಹುದು.