ಮಾತೃಸ್ಮರಣೆಯಲ್ಲಿ ಹಾಸ್ಯದ ಸ್ಥಾನ

ಅಗಲಿದ ತಾಯಿಯನ್ನು ಕುರಿತು ಮಕ್ಕಳು ಬರೆದ ಸ್ಮೃತಿಲೇಖನಗಳನ್ನು ನಾವೆಲ್ಲರೂ ಓದಿದ್ದೇವೆ. ದೀರ್ಘವ್ಯಾಧಿಯಿಂದ ಬಳಲಿದ ತಾಯಿಯ ಪ್ರಸಂಗ ಬಂದಿತೆಂದರೆ ಅವುಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಆಕೆ ನಗುನಗುತ್ತಲೇ ನೋವನ್ನೆಲ್ಲ ಸಹಿಸಿದಳು, ಎಂದು. ಆ ನಗೆ ಎಂತಹದು, ಯಾವ ಮಾತಿನಿಂದ ಹುಟ್ಟಿತು, ಕೇಳಿದವರು ಅದಕ್ಕೆ ಏನೆಂದರು ಎಂಬುದೊಂದೂ ವಾಚಕನಿಗೆ ತಿಳಿಯುವುದಿಲ್ಲ. ಇದು ಪ್ರಶಂಸೆಯೆಂಬುದು ನಿಜ. ಆದರೆ ಈ ಪ್ರಶಂಸೆಯು ತಾಯಿಗೆ ಸಲ್ಲುವುದೋ, ಬಳಿಯಲ್ಲಿದ್ದ ನಮ್ಮ ಸಮಾಧಾನಕ್ಕೆ ಒದಗುವುದೋ ಎಂಬುದನ್ನು ವಿಚಾರಿಸಬೇಕಾಗಿದೆ. ಇಂತಹ ವಾಕ್ಯವೊಂದನ್ನು ಈ ಲೇಖಕನೂ ಹಿಂದೆ ಬರೆದಿದ್ದುದರಿಂದ, ಈ ವಿಮರ್ಶೆಯು ಮೊದಲಿಗೆ ಆತ್ಮವಿಮರ್ಶೆಯೇ ಆಗಿದೆ.

ಈ ವಿಷಯದಲ್ಲಿ ನಮಗೆ ದಾರಿದೋರಬಲ್ಲ ಕೃತಿಯು ನಮ್ಮ ನೆಲದಲ್ಲಿಯೇ ಹುಟ್ಟಿದೆ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, ಬಡತನದಲ್ಲಿ ಬಾಳಿ, 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಆಗ ಆತನಿಗೆ ಮೂವತ್ತೊಂದೇ ವರ್ಷ. ಕ್ಷಯದ ರೋಗಾಣುವನ್ನು ಕೋಖ್ ಪಂಡಿತನು 1882ರಲ್ಲಿಯೇ ಕಂಡುಹಿಡಿದಿದ್ದನಾದರೂ ಅದನ್ನು ಗೆಲ್ಲುವ ಔಷಧವು ದೊರೆಯಲು ಇನ್ನೂ ಅರವತ್ತು ವರ್ಷಗಳು ಕಳೆಯಬೇಕಾಗಿದ್ದವು. ಅಂತಹ ಕಾಲದ ಆ ಉಪಾಧ್ಯಾಯನೇ ತನ್ನ ಹೆಸರನ್ನು ಮರೆಮಾಚಿ, ಮುದ್ದಣನೆಂಬ ಹಳೆಯ ಕವಿಯ ವೇಷದಲ್ಲಿ, ‘ರಾಮಾಶ್ವಮೇಧ’ವೆಂಬ ಗದ್ಯಕಾವ್ಯವನ್ನು ನಮಗೆ ಕೊಟ್ಟುಹೋದನು. ಅದರ ಕಥೆ ಪುರಾಣದ್ದಾದರೂ, ಕನ್ನಡಿಗರ ನೆನಪಿನಲ್ಲಿ ನೆಲೆನಿಂತಿರುವುದು ಕಥೆ ಹೇಳುವ ಮುದ್ದಣ ಮತ್ತು ಕೇಳುವ ಮನೋರಮೆ ಇವರಿಬ್ಬರ ಸರಸಸಲ್ಲಾಪವೇ.

ಆ ಸಲ್ಲಾಪದಲ್ಲಿ ಕವಿಯ ಕೆಮ್ಮನ್ನು ಹುಡುಕುವುದು ಸಲ್ಲದು; ಕೃತಿಯನ್ನು ವೈದ್ಯರ ಟಿಪ್ಪಣಿಯಂತೆ ಓದುವುದು ರಸಿಕರ ಲಕ್ಷಣವಲ್ಲ. ಗಮನಿಸಬೇಕಾದುದು ಅದರ ರಚನೆಯನ್ನು. ಅಲ್ಲಿ ಹಾಸ್ಯವು ಒಬ್ಬನದಲ್ಲ. ಮನೋರಮೆಯು ಸುಮ್ಮನೆ ತಲೆದೂಗುವ ಶ್ರೋತೃವಲ್ಲ. ತಿಳಿಯದೆಡೆಯಲ್ಲಿ ಕಥೆಯನ್ನು ತಡೆಯುತ್ತಾಳೆ, ಸಂಸ್ಕೃತದ ಭಾರ ಹೆಚ್ಚಿದರೆ ಗಂಡನನ್ನು ಹಾಸ್ಯಮಾಡುತ್ತಾಳೆ, ಇದರ ಅರ್ಥವೇನೆಂದು ಕೇಳುತ್ತಾಳೆ. ಹಾಸ್ಯಕ್ಕೆ ನಗುವುದರೊಡನೆ ಅದರ ಅರ್ಥವನ್ನೂ ಕೇಳುವ ಒಂದು ಕಿವಿ ಅಲ್ಲಿದೆ. ನಮ್ಮ ಮಾತೃಸ್ಮರಣೆಗಳಲ್ಲಿ ಕಾಣದಿರುವುದು ಈ ಕಿವಿಯೇ.

ಇದನ್ನು ಒಂದು ನಿದರ್ಶನದಿಂದ ವಿಶದಪಡಿಸಬೇಕಾಗಿದೆ. ಈ ಲೇಖಕನ ತಾಯಿ ಕಾಪುವಿನಲ್ಲಿ ಕೆಲವು ವರ್ಷ ಹಾಸಿಗೆ ಹಿಡಿದಿದ್ದಳು. ಅಲ್ಲಿಯ ಕಡಲ ಬಂಡೆಯ ಮೇಲಿನ ದೀಪಸ್ತಂಭವು 1901ರಲ್ಲಿ ಕಟ್ಟಿದುದು. ಒಂದು ಮುಂಜಾನೆ ಆಕೆ, “ಆ ದೀಪದ ಕಂಬಕ್ಕೂ ನನಗೂ ಒಂದೇ ಉದ್ಯೋಗ ನೋಡು ಮಗಾ, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿರುವುದು. ಅದಕ್ಕೆ ಸರಕಾರದವರು ಎಣ್ಣೆಯ ಖರ್ಚಾದರೂ ಕೊಟ್ಟಾರು” ಎಂದಳು. ನಾನು ಹೊಟ್ಟೆತುಂಬ ನಕ್ಕೆನು. ನೋಡಲು ಬಂದ ನೆಂಟರಿಗೆಲ್ಲ ಹೇಳಿ ಅವರನ್ನೂ ನಗಿಸಿದೆನು. ಮಣಿಪಾಲದಲ್ಲಿ ವೈದ್ಯರು ನಿದ್ರೆ ಹೇಗೆಂದು ಕೇಳಿದಾಗ ಮಾತ್ರ, ಏನೂ ತೊಂದರೆಯಿಲ್ಲವೆಂದು ಆಕೆಯ ಪರವಾಗಿ ನಾನೇ ಉತ್ತರಕೊಟ್ಟೆನು. ಆಕೆ ರಾತ್ರಿಯಿಡೀ ನೋವಿನಿಂದ ನಿದ್ರಿಸುತ್ತಿರಲಿಲ್ಲವೆಂಬುದನ್ನು ತಾನೇ ಹೇಳಿದ್ದಳು. ಹೇಳಿದ ರೀತಿಯು ಸೊಗಸಾಗಿದ್ದುದರಿಂದ ನಾನು ವಿಷಯವನ್ನು ಬಿಟ್ಟು ರೀತಿಯನ್ನು ಮಾತ್ರ ಹಿಡಿದುಕೊಂಡೆನು. ಮತ್ತೊಂದು ದಿನ, ತನ್ನ ತವರಾದ ಕಾರ್ಕಳದ ಗೊಮ್ಮಟನ ಮಾತು ಬಂದು, “ಅವನು ಎಷ್ಟು ಕಾಲದಿಂದ ನಿಂತೇ ಇದ್ದಾನೆ! ಕಾಲು ನೋಯುತ್ತದೆಯೋ ಎಂದು ಒಬ್ಬರಾದರೂ ಕೇಳಿದರೇ?” ಎಂದಳು. 1432ರಲ್ಲಿ ನಿಂತ ಆ ನಲವತ್ತೆರಡು ಅಡಿಯ ಮೂರ್ತಿಯ ಕಾಲನ್ನು ನೆನೆದು ನಾನು ನಕ್ಕೆನು. ಹಾಸಿಗೆಯಲ್ಲಿದ್ದ ಕಾಲನ್ನು ಮಾತ್ರ ಮುಟ್ಟಿ ನೋಡಲಿಲ್ಲ.

ಹಾಗಾದರೆ ರೋಗಿಯ ಹಾಸ್ಯವೆಲ್ಲವೂ ವೇಷ ಹಾಕಿದ ಗೋಳೆಂದು ತಿಳಿಯಬೇಕೇ, ಎಂದು ವಾಚಕರು ಆಕ್ಷೇಪಿಸಬಹುದು. ಹಾಗಲ್ಲ. ತನ್ನ ಮಾತಿನ ಕುಶಲತೆಯಲ್ಲಿ ತಾಯಿಗೆ ನಿಜವಾದ ಆನಂದವಿತ್ತು. ನಾವು ನಕ್ಕಾಗ ಆಕೆಯ ಮುಖ ಅರಳುತ್ತಿತ್ತು. ಮನೆಗೆ ಬಂದವರಿಗೆ ಪಾನಕ ಕೊಡಲಾಗದ ಗೃಹಿಣಿಯು ಮಾತನ್ನಾದರೂ ಕೊಟ್ಟು ಕಳುಹಿಸುತ್ತಿದ್ದಳು. ಆ ನಗೆಯನ್ನು ಬರಿಯ ದುಃಖವೆಂದು ಬಗೆಯುವುದೂ ಆಕೆಗೆ ಮಾಡುವ ಅನ್ಯಾಯವೇ. ರಷ್ಯಾದ ಚೆಕಾಫನು ಕ್ಷಯಪೀಡಿತನಾಗಿದ್ದು, ತಾನು ಮರಣಹೊಂದಿದ 1904ರಲ್ಲಿಯೇ ರಂಗಕ್ಕೆ ಬಂದ ‘ಚೆರಿ ತೋಪು’ ನಾಟಕವನ್ನು ಪ್ರಹಸನವೆಂದು ಕರೆದನು. ಆಡಿಸಿದವರು ಅದನ್ನು ದುಃಖನಾಟಕವಾಗಿ ಮಾಡಿದರೆಂದು ಆತನಿಗೆ ಅಸಮಾಧಾನವಾಯಿತು. ನಗೆಯನ್ನು ಮಾತ್ರ ಕಾಣುವುದು ಒಂದು ಕುರುಡು. ನೋವನ್ನು ಮಾತ್ರ ಕಾಣುವುದು ಇನ್ನೊಂದು.

ಆದುದರಿಂದ ಇಂತಹ ಸ್ಮರಣೆಯನ್ನು ಬರೆಯುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಾಯಿಯು ಹಾಸ್ಯಶೀಲೆಯಾಗಿದ್ದಳೆಂದು ಹೇಳಿ ಮುಗಿಸದೆ, ಆಕೆಯ ಮಾತನ್ನೇ ಆಕೆಯ ಕನ್ನಡದಲ್ಲಿ ಬರೆಯಿರಿ. ಅದನ್ನು ಕೇಳಿ ನೀವು ಏನು ಮಾಡಿದಿರಿ, ಏನನ್ನು ಮಾಡಲಿಲ್ಲ ಎಂಬುದನ್ನೂ ಅದರ ಕೆಳಗೆ ಬರೆಯಿರಿ. ಮುದ್ದಣನು ಮನೋರಮೆಯ ತಡೆಮಾತುಗಳನ್ನು ತನ್ನ ಕಾವ್ಯದಿಂದ ತೆಗೆದುಹಾಕಿದ್ದರೆ ನಮಗೆ ಬರಿಯ ಕಥೆ ಉಳಿಯುತ್ತಿತ್ತು. ನಮ್ಮ ಪಾಲನ್ನು ನಾವು ತೆಗೆದುಹಾಕಿದರೆ, ಬರಿಯ ಹೊಗಳಿಕೆ ಉಳಿಯುತ್ತದೆ.

ಈ ಲೇಖಕನು ಹಿಂದೆ ಬರೆದ ವಾಕ್ಯವನ್ನು ಇಂದು ಹೀಗೆ ತಿದ್ದಿಕೊಳ್ಳುತ್ತಾನೆ: ನಮ್ಮ ತಾಯಿ ನಗಿಸುತ್ತ ನೋವನ್ನು ತಿಳಿಸಿದಳು, ನಾವು ನಕ್ಕೆವು.