ಆಟಗಾರನಿಲ್ಲದ ಸಂಗೀತವನ್ನು ಕೇಳುವ ಬಗೆ

ಹಳೆಯ ವಿಡಿಯೊ ಗೇಮ್‌ಗಳ ಸಂಗೀತವನ್ನು ಅಭಿಮಾನಿಗಳೇ ಕೂತು ಮತ್ತೆ ಕಟ್ಟುವ ರೂಢಿಗೆ ಕಾಲು ಶತಮಾನ ದಾಟಿದೆ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಓವರ್‌ಕ್ಲಾಕ್ಡ್ ರೀಮಿಕ್ಸ್ ಎಂಬ ಕೂಟವೊಂದೇ ಇಂಥ ಸಾವಿರಾರು ಮರುಜೋಡಣೆಗಳನ್ನು ಬಿಟ್ಟಿಯಾಗಿ ಹಂಚಿದೆ. ಅವುಗಳಲ್ಲಿ ರಾಕ್ ಉಂಟು, ಜಾಜ್ ಉಂಟು, ದೊಡ್ಡ ಆರ್ಕೆಸ್ಟ್ರಾದ ಅಬ್ಬರವೂ ಉಂಟು. ಇಲ್ಲಿ ಹೇಳಹೊರಟಿರುವುದು ಅವುಗಳ ನಡುವೆ ಸದ್ದಿಲ್ಲದೆ ಬೆಳೆದ ಇನ್ನೊಂದು ಕವಲಿನ ಬಗ್ಗೆ. ಅದರಲ್ಲಿ ಲಯ ನಿಧಾನವಾಗುತ್ತದೆ, ಡ್ರಮ್ಮು ಹಿಂದೆ ಸರಿಯುತ್ತದೆ, ಸ್ವರಗಳು ಉದ್ದಕ್ಕೆ ಚಾಚಿಕೊಳ್ಳುತ್ತವೆ, ನಡುವೆ ಎಲ್ಲೋ ಮಳೆಯೋ ನೀರೋ ಕೇಳಿಸುತ್ತದೆ. ಹೊಸಬರಿಗೆ ಇದೆಲ್ಲ ನಿದ್ದೆ ಬರಿಸುವ ಸಂಗೀತ ಅನ್ನಿಸಿದರೆ ತಪ್ಪಿಲ್ಲ. ಎಷ್ಟೋ ತುಣುಕುಗಳು ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ಹಾಗಾದರೆ ಗಟ್ಟಿಯಾದದ್ದನ್ನು ಜೊಳ್ಳಿನಿಂದ ಬೇರ್ಪಡಿಸುವುದು ಹೇಗೆ? ನನ್ನ ಅಳತೆಗೋಲು ಒಂದೇ. ಆಟದ ಸಂಗೀತ ಅರ್ಧ ಮಾತ್ರ ಸಂಗೀತಗಾರನದು; ಉಳಿದರ್ಧವನ್ನು ಆಡುವವರ ಕೈ, ಭಯ, ಕಾಯುವಿಕೆಗಳು ತುಂಬುತ್ತವೆ. ಆಟವನ್ನು ತೆಗೆದು ಸಂಗೀತವನ್ನಷ್ಟೇ ಎತ್ತಿಕೊಂಡಾಗ ಅಲ್ಲೊಂದು ಜಾಗ ಖಾಲಿಯಾಗುತ್ತದೆ. ಮರುಜೋಡಿಸಿದವರು ಆ ಜಾಗದಲ್ಲಿ ಏನನ್ನಿಟ್ಟಿದ್ದಾರೆ ಎಂಬುದನ್ನು ಕೇಳಿ ಕಂಡುಕೊಳ್ಳುವುದೇ ಇಲ್ಲಿನ ರಸಿಕತೆ.

ಈ ಮಾತಿಗೆ ಆಧಾರವಾಗಿ ಎಲ್ಲರೂ ಮತ್ತೆ ಮತ್ತೆ ಕೈಹಾಕುವ ಕೃತಿಯನ್ನೇ ನೋಡೋಣ. 1994ರ 'ಡಾಂಕಿ ಕಾಂಗ್ ಕಂಟ್ರಿ' ಇಂಗ್ಲೆಂಡಿನ ರೇರ್ ಕಂಪನಿ ಸೂಪರ್ ನಿಂಟೆಂಡೊ ಎಂಬ ಆಟದ ಯಂತ್ರಕ್ಕೆ ಮಾಡಿದ ಆಟ. ಅದರ ನೀರಿನ ಹಂತಗಳಿಗೆ ಡೇವಿಡ್ ವೈಸ್ ಕಟ್ಟಿದ ಸಂಗೀತದ ಹೆಸರು 'ಅಕ್ವಾಟಿಕ್ ಆಂಬಿಯೆನ್ಸ್'. ನೆಲದ ಮೇಲೆ ಜಿಗಿದು, ಉರುಳಿ ಶತ್ರುಗಳನ್ನು ಬಡಿಯುವ ಗೊರಿಲ್ಲಾ ನೀರಿಗಿಳಿದೊಡನೆ ನಿಸ್ಸಹಾಯಕ. ಕತ್ತಿಮೀನಿನ ಬೆನ್ನೇರಿದಾಗ ಹೊರತು ಅಲ್ಲಿ ಅದು ಯಾರನ್ನೂ ಹೊಡೆಯಲಾರದು. ತಪ್ಪಿಸಿಕೊಳ್ಳಬೇಕು, ತೇಲಬೇಕು, ಮೀನು ದಾಟಿಹೋಗುವವರೆಗೆ ಕಾಯಬೇಕು. ಆ ಸಂಗೀತದಲ್ಲಿ ಅವಸರವಿಲ್ಲದಿರುವುದಕ್ಕೂ ಈ ಕಾಯುವಿಕೆಗೂ ನೇರ ಸಂಬಂಧವಿದೆ. ಕೋರ್ಡುಗಳು ಒಂದರ ಮೇಲೊಂದು ಮಸುಕಾಗಿ ಹಾಯುತ್ತವೆ, ರಾಗ ಬರುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ, ಬಂದ ಮೇಲೂ ಎಲ್ಲಿಗೋ ತಲುಪಬೇಕೆಂಬ ಹಟ ಅದಕ್ಕಿಲ್ಲ. ಆಡುವವರ ಎದೆಯಲ್ಲಿ ಮಾತ್ರ ಅವಸರವಿರುತ್ತದೆ, ಸಂಗೀತ ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಜಗ್ಗಾಟವೇ ಮೂಲದ ಜೀವ. ಈಗ ಆಟವಿಲ್ಲದೆ, ಇದ್ದ ನಿಧಾನವನ್ನೇ ಇನ್ನಷ್ಟು ನಿಧಾನ ಮಾಡಿದ ಮರುಜೋಡಣೆಯೊಂದನ್ನು ಊಹಿಸಿಕೊಳ್ಳಿ. ಜಗ್ಗುವ ಎರಡು ಕೈಗಳಲ್ಲಿ ಒಂದು ಬಿಟ್ಟುಹೋಗಿ, ಹಗ್ಗ ಸಡಿಲವಾಗಿ ನೆಲಕ್ಕೆ ಬಿದ್ದಿರುತ್ತದೆ. ಬಲ್ಲವರು ಆ ಇನ್ನೊಂದು ಕೈಯನ್ನು ಸಂಗೀತದೊಳಗೇ ಹುಟ್ಟಿಸುತ್ತಾರೆ: ತಳದಲ್ಲಿ ಬಿಡಿಸಿಕೊಳ್ಳದ ಒಂದು ಅಪಸ್ವರ, ನಿರೀಕ್ಷಿಸಿದ ಜಾಗದಲ್ಲಿ ಬಾರದೆ ಒಂದು ಆವರ್ತ ತಡವಾಗಿ ಬರುವ ರಾಗ, ಅಥವಾ ಹತ್ತಿರ ಬಂದಂತೆ ಮಾಡಿ ದೂರ ಸರಿಯುವ ಸದ್ದು.

ರಿವರ್ಬ್, ಎಂದರೆ ಸದ್ದಿನ ಗುಂಗು, ಹೆಚ್ಚಿಸಿದರೆ ಆವರಣ (ಆಂಬಿಯೆನ್ಸ್) ತಾನಾಗಿ ಬರುತ್ತದೆಂಬ ನಂಬಿಕೆ ಈ ಕವಲಿನ ದೊಡ್ಡ ಪಿಡುಗು. ಇದನ್ನು ಒರೆಹಚ್ಚಲು ಹಳೆಯ ಯಂತ್ರದ ಲೆಕ್ಕ ನೋಡಬೇಕು. ಸೂಪರ್ ನಿಂಟೆಂಡೊದ ಧ್ವನಿ ವಿಭಾಗಕ್ಕಿದ್ದದ್ದು ಎಂಟು ದನಿಗಳು ಮತ್ತು 64 ಕಿಲೋಬೈಟ್ ಸ್ಮೃತಿ. ವಾದ್ಯಗಳ ಸ್ಯಾಂಪಲ್ಲು, ಸ್ವರಗಳ ಪಟ್ಟಿ, ಅದನ್ನು ನುಡಿಸುವ ಪ್ರೋಗ್ರಾಮು ಎಲ್ಲವೂ ಅಷ್ಟರಲ್ಲೇ ಇರಬೇಕು. ಪ್ರತಿಧ್ವನಿ ಬೇಕಿದ್ದರೆ ಅದಕ್ಕೂ ಅಲ್ಲಿಂದಲೇ ಜಾಗ ಕೊಡಬೇಕು: ಪ್ರತಿ 16 ಮಿಲಿಸೆಕೆಂಡಿಗೆ 2 ಕಿಲೋಬೈಟ್. ಅತಿ ಉದ್ದದ 240 ಮಿಲಿಸೆಕೆಂಡ್ ಪ್ರತಿಧ್ವನಿಗೆ 30 ಕಿಲೋಬೈಟ್, ಎಂದರೆ ಹೆಚ್ಚುಕಡಿಮೆ ಅರ್ಧ ಆಸ್ತಿ ಖರ್ಚು. ಗುಹೆಯ ಭಾಸ ಬೇಕೆಂದರೆ ಕೊಳಲನ್ನೋ ತಂತಿಯನ್ನೋ ಬಿಡಬೇಕಾದ ಕಾಲ ಅದು. ಆಗ ಪ್ರತಿಧ್ವನಿ ಕೇಳಿಸಿತೆಂದರೆ ಅದರ ಹಿಂದೆ ಒಂದು ತೀರ್ಮಾನವಿದ್ದೇ ಇರುತ್ತಿತ್ತು. ಇಂದು ಹತ್ತು ಸೆಕೆಂಡಿನ ರಿವರ್ಬ್‌ಗೆ ಕಾಸೂ ಖರ್ಚಿಲ್ಲ. ಆದ್ದರಿಂದ ಅದು ಇದೆ ಎಂಬುದಷ್ಟೇ ಯಾವ ಹೆಚ್ಚುಗಾರಿಕೆಯೂ ಅಲ್ಲ. ಮರುಜೋಡಣೆ ಕೇಳುವಾಗ ಹೀಗೆ ಕೇಳಿಕೊಳ್ಳಿ: ಈ ಗುಂಗು ಎಲ್ಲ ವಾದ್ಯಗಳಿಗೂ ಒಂದೇ ಪ್ರಮಾಣದಲ್ಲಿ ಬಳಿದಿದೆಯೆ, ಅಥವಾ ಒಂದು ದನಿ ಮುಂದೆ, ಒಂದು ಹಿಂದೆ ನಿಂತಿವೆಯೆ? ಮೊದಲನೆಯದಾದರೆ ಅದು ಮಂಜು. ಎರಡನೆಯದಾದರೆ ಮಾತ್ರ ಜಾಗ.

ಆವರಣ ಪದರಗಳಿಂದ ಹುಟ್ಟುವುದನ್ನು ಕಿವಿಗೆ ಕಲಿಸಲು 1996ರ 'ಸೂಪರ್ ಮಾರಿಯೊ 64'ಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅದರ ನೀರಿನ ಹಂತಕ್ಕೆ ಕೋಜಿ ಕೊಂಡೊ ಕಟ್ಟಿದ 'ಡೈರ್ ಡೈರ್ ಡಾಕ್ಸ್' ಸಂಗೀತ ದಡದಲ್ಲಿ ಬರೀ ಎಲೆಕ್ಟ್ರಿಕ್ ಪಿಯಾನೊ. ಮಾರಿಯೊ ನೀರೊಳಗೆ ಮುಳುಗಿದಾಗ ತಂತಿವಾದ್ಯಗಳು ಸೇರುತ್ತವೆ, ಗುಹೆ ಹೊಕ್ಕಾಗ ತಾಳವಾದ್ಯ. ರಾಗವೇನೂ ಬದಲಾಗದು, ಯಾವುದು ಯಾವಾಗ ಬರಬೇಕೆಂಬುದನ್ನು ಆಡುವವರ ಈಜು ನಿರ್ಧರಿಸುತ್ತದೆ. ಇದನ್ನು ಮರುಜೋಡಿಸುವವರೆದುರು ಇರುವ ಪ್ರಶ್ನೆ ಈಗ ಸ್ಪಷ್ಟ: ಈಜುವವರಿಲ್ಲದ ಮೇಲೆ ತಂತಿವಾದ್ಯ ಯಾಕೆ ಬರಬೇಕು? ಎಲ್ಲ ಪದರಗಳನ್ನೂ ಮೊದಲ ನಿಮಿಷದಲ್ಲೇ ಸುರಿದವರು ಈ ಪ್ರಶ್ನೆಯನ್ನು ಕೇಳಿಕೊಂಡಿಲ್ಲ. ಇದರ ಎದುರು ತುದಿಯಲ್ಲಿ 1986ರ 'ಮೆಟ್ರಾಯ್ಡ್' ಇದೆ. ಹಿರೋಕಾಜು ತನಾಕಾ ಅಲ್ಲಿ ಗುನುಗಬಲ್ಲ ರಾಗವನ್ನು ಬೇಕೆಂದೇ ಹಿಡಿದಿಟ್ಟರು. ಯಾವುದು ಸಂಗೀತ, ಯಾವುದು ಆಟದ ಸದ್ದು ಎಂದು ಗೊತ್ತಾಗಬಾರದೆಂದು ಬಯಸಿದರು. ಮನತುಂಬುವ ರಾಗವನ್ನು ಕಡೆಯ ಗೆಲುವಿಗೆ ಮೀಸಲಿಟ್ಟರು. ಅಂಥ ಸಂಗೀತವನ್ನು ಎತ್ತಿಕೊಂಡು ಮೊದಲಿಗೇ ಪಿಟೀಲಿನಲ್ಲಿ ಮಧುರವಾಗಿ ಹರಿಸಿದರೆ ಕೇಳಲು ಇಂಪಾದೀತು, ಆದರೆ ತನಾಕಾ ಹೂಡಿದ ಉಪವಾಸ ಮುರಿದುಹೋಗುತ್ತದೆ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇಲ್ಲೊಂದು ಎಚ್ಚರಿಕೆ ಬೇಕು. ನೆರವಲಿನಲ್ಲಿ ಸಾಹಿತ್ಯದ ಸಾಲು ತಾಳದ ಜಾಗ ಬಿಡದೆ ನಿಲ್ಲುತ್ತದೆ, ಸ್ವರಸಂಚಾರ ಪ್ರತಿ ಸಲವೂ ಹೊಸತಾಗುತ್ತದೆ. ಈ ಪ್ರಕಾರದಲ್ಲಿ ಸಾಮಾನ್ಯವಾಗಿ ನಡೆಯುವುದು ತಿರುಗುಮುರುಗು: ರಾಗ ಇದ್ದಂತೆ ಇದ್ದು ಅದರ ಸುತ್ತಲಿನದು ಬದಲಾಗುತ್ತದೆ. ಹಾಗಾಗಿ ಸಂಗತಿಗಳಿಗಾಗಿ ಕಾದು ಕೂತರೆ ಬೇಸರವೇ ಗತಿ. ಕಿವಿಯನ್ನು ತಳಕ್ಕೆ, ಮಂದ್ರದತ್ತ ಇಳಿಸಿ. ಅಲ್ಲಿ ಒಂದು ಸ್ವರ ಬದಲಾದರೂ ಮೇಲಿನ ಹಳೆಯ ರಾಗಕ್ಕೆ ಬೇರೆಯೇ ಭಾವ ಹತ್ತುತ್ತದೆ.

ಇದೆಲ್ಲ ಬಾಲ್ಯದ ಹಳಹಳಿಕೆ, ಸಂಗೀತದ ಮಾತೇ ಅಲ್ಲ ಎನ್ನುವವರಿದ್ದಾರೆ. ನೆನಪಿನ ಪಾಲು ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ನೆನಪು ವಿವರಿಸುವುದು ಗುರುತನ್ನು ಮಾತ್ರ, ಗುಣವನ್ನಲ್ಲ. ಒಂದೇ ರಾಗದ ಎರಡು ಮರುಜೋಡಣೆಗಳು ಒಂದೇ ಬಾಲ್ಯವನ್ನು ಕೆದಕುತ್ತವೆ. ಆದರೂ ಒಂದನ್ನು ಕೊನೆಯವರೆಗೆ ಕೇಳುತ್ತೇವೆ, ಇನ್ನೊಂದನ್ನು ಅರ್ಧಕ್ಕೇ ಬಿಡುತ್ತೇವೆ. ಆ ವ್ಯತ್ಯಾಸಕ್ಕೆ ಬಾಲ್ಯದಲ್ಲಿ ಉತ್ತರವಿಲ್ಲ. ಅಲ್ಲದೆ ಆ ಆಟ ಆಡದೆ ಬಂದವರಿಗೆ ಒಂದು ಲಾಭವೂ ಉಂಟು: ಖಾಲಿ ಜಾಗ ಅವರಿಗೆ ಖಾಲಿಯಾಗಿಯೇ ಕೇಳಿಸುತ್ತದೆ. ಆಡಿದವರ ನೆನಪು ಅದನ್ನು ತಾನೇ ತುಂಬಿಬಿಟ್ಟು, ದುರ್ಬಲ ಕೃತಿಗೂ ರಿಯಾಯಿತಿ ಕೊಟ್ಟೀತು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಮಿತಿಯೇ ಆ ಸಂಗೀತದ ಸೊಗಸು, ಎಂಟು ದನಿಗಳ ಬಿಗಿಯನ್ನು ಸಡಿಲಿಸಿದರೆ ಉಳಿಯುವುದೇನು? ಇದರಲ್ಲಿ ಸತ್ಯಾಂಶವಿದೆ, ಆದರೆ ಮೂಲ ಸಂಗೀತಗಾರರೇ ಮಿತಿಯನ್ನು ಪೂಜಿಸಲಿಲ್ಲ. ವೈಸ್ ಅವರ ಮನಸ್ಸಿನಲ್ಲಿದ್ದದ್ದು ಕಾರ್ಗ್ ಕಂಪನಿಯ ವೇವ್‌ಸ್ಟೇಷನ್ ಎಂಬ ಸಿಂಥಸೈಜರು. ಅದರ ಬಣ್ಣ ಬದಲಿಸುತ್ತ ಹರಿಯುವ ನಾದವನ್ನು ಪುಟ್ಟ ಪುಟ್ಟ ತುಣುಕುಗಳಿಂದ ಹೊಲಿದು ಅನುಕರಿಸಿದರು. 'ಸೀಕ್ರೆಟ್ ಆಫ್ ಮಾನಾ' ಆಟದ ಸಂಗೀತಗಾರ ಹಿರೋಕಿ ಕಿಕುತಾ 1993ರಲ್ಲಿ ತಮ್ಮದೇ ರಾಗಗಳನ್ನು ಬಿಚ್ಚಿ, ನೀರಿನ ಸದ್ದು ಬೆರೆಸಿ, ಸುಮಾರು 50 ನಿಮಿಷದ ಒಂದೇ ಒಂದು ಅಖಂಡ ತುಣುಕಾಗಿ 'ಸೀಕ್ರೆಟ್ ಆಫ್ ಮಾನಾ ಪ್ಲಸ್' ಹೊರತಂದರು. ಅಭಿಮಾನಿಗಳು ಮುಂದೆ ಮಾಡಿದ್ದಕ್ಕೆ ಅದು ಮೇಲ್ಪಂಕ್ತಿ. ವೈಸ್ ಕೂಡ 2010ರಲ್ಲಿ 'ಡಾಂಕಿ ಕಾಂಗ್ ಕಂಟ್ರಿ 2'ರ ಅಭಿಮಾನಿ ಆಲ್ಬಮ್ಮಿಗೆ ತಾವೇ ಒಂದು ತುಣುಕು ಮಾಡಿಕೊಟ್ಟರು. ಮಿತಿ ಹೋಯಿತೆಂದು ಕೊರಗುವುದಕ್ಕಿಂತ, ಹೋದ ಮಿತಿಯ ಜಾಗದಲ್ಲಿ ಹೊಸ ಶಿಸ್ತೊಂದು ಬಂದಿದೆಯೆ ಎಂದು ನೋಡುವುದು ಮೇಲು.

ಆ ಶಿಸ್ತು ಎಲ್ಲಕ್ಕಿಂತ ಬೇಗ ಬಯಲಾಗುವುದು ಮುಕ್ತಾಯದಲ್ಲಿ. ಸುತ್ತಿ ಸುತ್ತಿ ಬರುವ ಮೂಲದ ಲೂಪಿಗೆ ಕೊನೆಯೇ ಇರಲಿಲ್ಲ. ಆಡುವವರು ಹಂತ ದಾಟಿದಾಗಲೋ ಸತ್ತಾಗಲೋ ಅದು ಕತ್ತರಿಸಿಕೊಂಡು ನಿಲ್ಲುತ್ತಿತ್ತು. ಮರುಜೋಡಣೆ ಎಲ್ಲಿ, ಯಾಕೆ ನಿಲ್ಲಬೇಕೆಂದು ಹೇಳುವವರು ಈಗ ಯಾರೂ ಇಲ್ಲ, ಹಾಗಾಗಿ ಬಹಳಷ್ಟು ಜನ ಸದ್ದನ್ನು ಮೆಲ್ಲಗೆ ತಗ್ಗಿಸಿ ಜಾರಿಕೊಳ್ಳುತ್ತಾರೆ. ಆದ್ದರಿಂದ ಹೊಸಬರು ಕೇಳುವ ಕ್ರಮ ಹೀಗಿರಲಿ: ಮೊದಲು ಮೂಲವನ್ನು ಎರಡು ಸುತ್ತು, ಲೂಪಿನ ಹೊಲಿಗೆ ಎಲ್ಲಿದೆಯೆಂದು ತಿಳಿಯುವವರೆಗೆ, ಬಳಿಕ ಅದೇ ಹಂತವನ್ನು ಯಾರಾದರೂ ಆಡುತ್ತಿರುವ ವಿಡಿಯೊ, ಜಿಗಿತ, ಏಟುಗಳ ಸದ್ದಿನ ಸಮೇತ, ಆಮೇಲೆ ಮರುಜೋಡಣೆ. ಮೂರನೆಯದರಲ್ಲಿ ಆ ಹೊಲಿಗೆಯ ಜಾಗ ಬಂದಾಗ ಏನಾಯಿತೆಂದು ಗಮನಿಸಿ. ಒಂದೇ ರಾಗದ ಮೂರು ಬೇರೆ ಬೇರೆ ಮರುಜೋಡಣೆಗಳಿಗೆ ಇದನ್ನು ಮಾಡಿದರೆ, ನಾಲ್ಕನೆಯದನ್ನು ಆರಿಸಿಕೊಳ್ಳಲು ಯಾರ ಶಿಫಾರಸೂ ಬೇಕಾಗದು.