ಮರೆಯ ಕಂಠ: ‘ಕಿಸ್ಮತ್’ ಚಿತ್ರದಲ್ಲಿ ಅಮೀರ್‌ಬಾಯಿ ಕರ್ನಾಟಕಿ

ಮಂಗಳೂರಿನ ಸುತ್ತಮುತ್ತ ಯಕ್ಷಗಾನದ ಆಟವನ್ನು ಕಂಡವರಿಗೆ ಹೊಸತಾಗಿ ಹೇಳಬೇಕಾದುದಿಲ್ಲ: ವೇಷಧಾರಿಯು ಕುಣಿಯುವನು, ಅರ್ಥ ಹೇಳುವನು, ಪದವು ಭಾಗವತನದು. ಆದರೆ ಆ ಭಾಗವತನು ಜಾಗಟೆ ಹಿಡಿದು ಸಭೆಯ ಕಣ್ಣೆದುರಿನಲ್ಲೇ ಇರುತ್ತಾನೆ. ಪ್ರಸಂಗದ ಸೂತ್ರವು ಅವನ ಕೈಯಲ್ಲಿರುವುದೆಂದು ಎಲ್ಲರೂ ಬಲ್ಲರು. ವಾಕ್ಚಿತ್ರಗಳಲ್ಲಿ ಹಿನ್ನೆಲೆಗಾಯನವು ರೂಢಿಗೆ ಬಂದಾಗ ಇದೇ ಏರ್ಪಾಡು ಉಳಿಯಿತು. ಭಾಗವತನು ಮಾತ್ರ ಮರೆಯಾದನು. 1943ರಲ್ಲಿ ತೆರೆಕಂಡ ಬಾಂಬೆ ಟಾಕೀಸಿನ ಹಿಂದೀ ಚಿತ್ರ ‘ಕಿಸ್ಮತ್’ ಇದಕ್ಕೆ ನಿದರ್ಶನ. ಅದರ ನಾಯಿಕೆ ರಾಣಿಗೆ ಮುಖವು ಮುಮ್ತಾಜ್ ಶಾಂತಿಯದು. ಕಂಠವು ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರದು.

ಜ್ಞಾನ್ ಮುಖರ್ಜಿಯವರು ನಿರ್ದೇಶಿಸಿದ ಈ ಚಿತ್ರದಲ್ಲಿ ಹೊಸತೆನ್ನಿಸುವುದು ನಾಯಕನ ಪಾತ್ರ. ಅಶೋಕಕುಮಾರರ ಶೇಖರನು ಜೇಬುಗಳ್ಳ. ಕಾಲು ಸೋತ ಗಾಯಕಿಯೊಬ್ಬಳ ಮೇಲಿನ ಮಮತೆಯೇ ಅವನನ್ನು ತಿದ್ದುತ್ತದೆ. ಆದರೆ ಕಳೆದುಹೋದ ಮಗನು ಮರಳಿ ದೊರೆಯುವ ಕೊನೆಗೆ ಕಥೆಯನ್ನು ಎಳೆದು ತರುವುದು ಪಾತ್ರಗಳ ಸ್ವಭಾವವಲ್ಲ, ಆಕಸ್ಮಿಕಗಳ ಸರಣಿ. ಚಿತ್ರದ ಹೆಸರೇ ‘ಅದೃಷ್ಟ’ವೆಂದಾದ ಮಾತ್ರಕ್ಕೆ ದೋಷವು ಗುಣವಾಗದು. ಆದರೂ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಈ ಯಶಸ್ಸಿನಲ್ಲಿ ಅನಿಲ್ ಬಿಸ್ವಾಸರ ಸಂಗೀತದ ಪಾಲು ದೊಡ್ಡದು.

ಆ ಸಂಗೀತದಲ್ಲಿ ಹೆಚ್ಚು ಹೆಸರಾದುದು ಕವಿ ಪ್ರದೀಪರ ದೇಶಗೀತೆ. ಅಮೀರ್‌ಬಾಯಿಯವರೂ ಖಾನ್ ಮಸ್ತಾನಾ ಅವರೂ ವೃಂದದೊಡನೆ ಹಾಡಿರುವ ಈ ಗೀತೆಯು ಚಿತ್ರದೊಳಗಿನ ನಾಟಕಶಾಲೆಯ ರಂಗದ ಮೇಲೆ ಬರುತ್ತದೆ. ಕಥೆಗೂ ಅದಕ್ಕೂ ಇರುವ ನಂಟು ತೆಳುವಾದುದು. ವಾಚ್ಯಾರ್ಥದಲ್ಲಿ ಅದು ಜರ್ಮನರಿಗೂ ಜಪಾನೀಯರಿಗೂ ಹಾಕಿದ ಸವಾಲು. ಯುದ್ಧದಲ್ಲಿ ತೊಡಗಿದ್ದ ಸರ್ಕಾರಕ್ಕೆ ಅದರಲ್ಲಿ ಆಕ್ಷೇಪಿಸಲು ಎಡೆಯಿರಲಿಲ್ಲ. ಆದರೆ 1942ರ ಆಗಸ್ಟಿನ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಮುಂದಾಳುಗಳು ಸೆರೆಯಲ್ಲಿದ್ದ ಆ ದಿನಗಳಲ್ಲಿ, ಹೊರಗಿನವರು ದೂರ ಸರಿಯಲೆಂಬ ಕೂಗು ಯಾರನ್ನು ಕುರಿತುದೆಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆನಂದವರ್ಧನನು ‘ಧ್ವನಿ’ಯೆಂದು ಕರೆದುದಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಗಲಾರದು.

ಅದೇ 1943ರಲ್ಲಿ ಇಂಗ್ಲೆಂಡಿನಲ್ಲಿ ‘ವೀಲ್ ಮೀಟ್ ಅಗೇನ್’ ಎಂಬ ಸಂಗೀತಚಿತ್ರವು ಹೊರಬಂದಿತು. ಸೈನಿಕರ ಅಚ್ಚುಮೆಚ್ಚಿನ ಗಾಯಕಿ ವೇರಾ ಲಿನ್ ಅದರಲ್ಲಿ ತಮ್ಮ ಬಾಳನ್ನೇ ಹೋಲುವ ಪಾತ್ರವೊಂದನ್ನು ವಹಿಸಿದರು: ರೇಡಿಯೋದಿಂದ ಹೆಸರಾಗುವ ತರುಣಿಯ ಪಾತ್ರ. ಅಲ್ಲಿ ಮುಖವೂ ಕಂಠವೂ ಒಬ್ಬರದೇ. ಅಗಲಿದವರು ಮತ್ತೆ ಕೂಡುವರೆಂಬ ಹಾಡಿನ ಭರವಸೆಯೂ ಸರ್ಕಾರದ ಇಚ್ಛೆಯೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವು. ಪರಾಧೀನ ದೇಶದ ಗಾಯಕಿಗೆ ಆ ಸೌಕರ್ಯವಿರಲಿಲ್ಲ. ಒಂದನ್ನು ಹಾಡಿ ಇನ್ನೊಂದನ್ನು ಕೇಳಿಸುವ ಕೆಲಸ ಅವರ ಪಾಲಿಗೆ ಬಂದಿತು. ಅದರ ಕೀರ್ತಿಯಾದರೋ ಬಹುಮಟ್ಟಿಗೆ ತೆರೆಯ ಮೇಲಿನ ಮುಖಕ್ಕೆ ಹೋಯಿತು.

ಹಾಗೆಂದು ಅಮೀರ್‌ಬಾಯಿಯವರ ಕಲೆಯನ್ನು ಈ ದೇಶಗೀತೆಯಿಂದಲೇ ಅಳೆಯುವುದು ಸರಿಯಲ್ಲ. ವೃಂದದ ಆರ್ಭಟದಲ್ಲಿ ಯಾವ ಕಂಠದ ಒಳನುಡಿಯೂ ಮುಚ್ಚಿಹೋಗುತ್ತದೆ. ಇದೇ ಚಿತ್ರದಲ್ಲಿ ಕೃಷ್ಣನನ್ನು ಕುರಿತ ಮೊರೆಯ ಹಾಡನ್ನು ಕೇಳಬೇಕು. ಅಲ್ಲಿ ತಾನಗಳ ಆಡಂಬರವಿಲ್ಲ, ಅಳುವಿನ ಅತಿರೇಕವಿಲ್ಲ. ಪ್ರತಿಯೊಂದು ಪದವೂ ಬಿಡಿಬಿಡಿಯಾಗಿ ಕಿವಿಗೆ ಮುಟ್ಟುತ್ತದೆ. ಕಂಠದಲ್ಲಿ ಒಂದು ತೂಕವಿದೆ. ದುಃಖವನ್ನು ತೋರಿಸುವುದಕ್ಕಿಂತ ಹೊತ್ತುಕೊಳ್ಳುವ ಶಕ್ತಿಯಿದೆ. ರಾಣಿಯ ಪಾತ್ರವು ಕಥೆಯಲ್ಲಿ ಪಡೆಯದ ಗಾಂಭೀರ್ಯವನ್ನು ಈ ಹಾಡಿನಲ್ಲಿ ಪಡೆಯುತ್ತದೆ.

1940ರ ದಶಕವು ಮುಗಿಯುವ ಹೊತ್ತಿಗೆ ಲತಾ ಮಂಗೇಶಕರರ ನವಿರಾದ ಕಂಠವು ಜನಪ್ರಿಯವಾಯಿತು. ಹಿಂದಿನ ತುಂಬುಕಂಠಗಳಿಗೆ ಅವಕಾಶ ಕಡಿಮೆಯಾಗುತ್ತ ಬಂದಿತು. ಅಮೀರ್‌ಬಾಯಿಯವರು 1965ರಲ್ಲಿ ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದು ನಾಡಿನ ಋಣವನ್ನು ಕೆಲಮಟ್ಟಿಗೆ ತೀರಿಸಿದ್ದಾರೆ. ಉಳಿದುದನ್ನು ಕೇಳುಗರು ತೀರಿಸಬೇಕು. ‘ಕರ್ನಾಟಕಿ’ ಎಂದು ನಾಡಿನ ಹೆಸರನ್ನೇ ಹೊತ್ತವರೆಂಬ ಅಭಿಮಾನವು ಮೆಚ್ಚತಕ್ಕದ್ದೇ. ಆದರೆ ಅಭಿಮಾನವೊಂದೇ ವಿಮರ್ಶೆಯಾಗದು. ಅವರನ್ನು ಅವರ ಹಾಡಿನಿಂದಲೇ ತೂಗಿ ನೋಡಬೇಕು. ಹಾಗೆ ತೂಗಿದಾಗ ಅವರಿಗೆ ಬೇರೆ ಶಿಫಾರಸು ಬೇಕಾಗದು.